ಪಿಆರ್ ಅರ್ಜಿ ಯಾರ ಹೆಸರಲ್ಲಿ ಹಾಕೋದು, ಊರಿನ ತೋಟದ ಗತಿ ಏನು? ಹಾಸನದಿಂದ ಒಂದಿಷ್ಟು ಪ್ರಶ್ನೆಗಳು

ಬಾಳ್ಳುಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 32. ಹಾಸನದಲ್ಲೇ ಮೆಕ್ಯಾನಿಕಲ್ ಬಿಇ ಮುಗಿಸಿ, ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಏಳು ವರ್ಷದಿಂದ ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದೀನಿ. ಹೆಂಡತಿಗೆ 29, ಬಿಎಸ್ಸಿ ನರ್ಸಿಂಗ್, ಆರು ವರ್ಷದಿಂದ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಮೂರು ವರ್ಷದ ಮಗಳಿದ್ದಾಳೆ. ಊರಲ್ಲಿ ಅಪ್ಪನ ಹೆಸರಿಗೆ ಆರು ಎಕರೆ ರೊಬಸ್ಟಾ, ನೆರಳಿನ ಮರಕ್ಕೆಲ್ಲ ಮೆಣಸು ಹಬ್ಬಿಸಿದ್ದಾರೆ. ಅಕ್ಕನನ್ನ ತುಮಕೂರಿಗೆ ಕೊಟ್ಟಿದೆ.

ಇಬ್ಬರ ಸಂಬಳ ಸೇರಿಸಿದ್ರೂ ತಿಂಗಳ ಕೊನೆಗೆ ಕೈಯಲ್ಲಿ ನಿಲ್ಲೋದು ಅಷ್ಟಕ್ಕಷ್ಟೆ. ಹೊರಗೆ ಹೋಗಿ ನೆಲೆ ನಿಲ್ಲೋಣ ಅಂತ ಇಬ್ಬರೂ ಕೂತು ಯೋಚಿಸಿಯೇ ತೀರ್ಮಾನ ಮಾಡಿದ್ದೀವಿ. ಎರಡು ಮೂರು ವರ್ಷ ದುಡಿದು ವಾಪಸ್ ಬರೋ ಲೆಕ್ಕ ಅಲ್ಲ, ಪಿಆರ್ ಬೇಕು, ಅಂದ್ರೆ ಶಾಶ್ವತ ವಾಸದ ಪರವಾನಗಿ. ಕೇಳಬೇಕಾದ್ದು ಇಷ್ಟು. ಆಸ್ಟ್ರೇಲಿಯ, ಕೆನಡಾ, ಜರ್ಮನಿ, ಇದರಲ್ಲಿ ನನ್ನಂಥ ಮೆಕ್ಯಾನಿಕಲ್‌ನವರಿಗೆ ಯಾವುದು ಸರಿ? ಹಾಸನದಲ್ಲೇ ಒಬ್ಬ ಏಜೆಂಟ್ ಕೆನಡಾಗೆ ಜಾಬ್ ಆಫರ್ ಸಮೇತ ಆರು ಲಕ್ಷ ಕೇಳ್ತಿದ್ದಾರೆ, "ಗ್ಯಾರಂಟಿ" ಅಂತಾರೆ. ನಂಬಬಹುದಾ? ಮೂರನೇದು ಅಪ್ಪನ ಪ್ರಶ್ನೆ: "ನೀನು ಅಲ್ಲಿಯವನಾಗಿಬಿಟ್ರೆ ಈ ತೋಟ ನಿನ್ನ ಹೆಸರಿಗೆ ಆಗುತ್ತಾ?" ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ತಿಳಿದವರು ಹೇಳಿ.

ಎಂಸಿಇ ಹಳೇ ಬ್ಯಾಚ್

ತಮ್ಮ, ಮೊದಲು ಆಸ್ಟ್ರೇಲಿಯದ ಲೆಕ್ಕ ಹೇಳ್ತೀನಿ, ನಾನಿರೋದು ಅಲ್ಲೇ. ಅಲ್ಲಿ ಪಾಯಿಂಟ್ಸ್ ಪದ್ಧತಿ. 25ರಿಂದ 32 ವರ್ಷದವರಿಗೆ 30 ಪಾಯಿಂಟ್, 33 ತುಂಬಿದ ದಿನ ಅದು 25ಕ್ಕೆ ಇಳಿಯುತ್ತೆ, 40 ದಾಟಿದ್ರೆ 15, 45 ಆದ್ಮೇಲೆ ಬಾಗಿಲೇ ಮುಚ್ಚಿತು. ಡಿಗ್ರಿಗೆ 15. ಆಸ್ಟ್ರೇಲಿಯದ ಹೊರಗೆ ಮಾಡಿದ ಕೆಲಸದ ಅನುಭವ 5 ವರ್ಷದಿಂದ 8ರ ಒಳಗಿದ್ರೆ 10, 8 ತುಂಬಿದ್ರೆ 15. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಕ್ಕೆ 7 ಬಂದ್ರೆ 10, ನಾಲ್ಕಕ್ಕೂ 8 ಬಂದ್ರೆ 20. ಇಂಗ್ಲಿಷ್‌ನಲ್ಲಿ 7 ಬಂತು ಅಂತಿಟ್ಕೋ, ನಿನ್ನದು 30, 15, 10, 10. ಒಟ್ಟು 65. ಕನಿಷ್ಠ ಬೇಕಾದ್ದೂ 65ಏ. ಆದರೆ 65 ಇದ್ರೆ ಸಾಲಲ್ಲಿ ನಿಲ್ಲಬಹುದು ಅಷ್ಟೆ. ವೀಸಾಗೆ ಅರ್ಜಿ ಹಾಕಿ ಅಂತ ಕರೆ ಬರೋದು ಸಾಲಲ್ಲಿ ಮುಂದೆ ಇರೋರಿಗೆ.

ಮುಂದೆ ಹೋಗೋದಕ್ಕೆ ದಾರಿಗಳಿವೆ. ಯಾವುದಾದ್ರೂ ರಾಜ್ಯ ನಾಮನಿರ್ದೇಶನ ಮಾಡಿದ್ರೆ 190 ವೀಸಾಗೆ 5 ಪಾಯಿಂಟ್, ಪ್ರಾದೇಶಿಕ 491 ವೀಸಾಗೆ 15. 491 ಐದು ವರ್ಷದ ತಾತ್ಕಾಲಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆ ಕಡೆ ಇರಬೇಕು. ಪರ್ತ್, ಅಡಿಲೇಡ್ ಕೂಡ ಪ್ರಾದೇಶಿಕ ಅಂತಲೇ ಲೆಕ್ಕ, ಹಾಗಾಗಿ ಕಾಡಿಗೆ ಹಾಕಿಬಿಡ್ತಾರೆ ಅಂತ ಹೆದರೋದು ಬೇಡ. ಮೂರು ವರ್ಷ ಆದ್ಮೇಲೆ ತೆರಿಗೆ ದಾಖಲೆ ತೋರಿಸಿ 191ಕ್ಕೆ ಹಾಕಿದ್ರೆ ಪಿಆರ್.

ಎಂಜಿನಿಯರ್‌ಗಳ ಕೌಶಲ ಪರಿಶೀಲನೆ ಮಾಡೋದು ಎಂಜಿನಿಯರ್ಸ್ ಆಸ್ಟ್ರೇಲಿಯ. ಎಂಜಿನಿಯರಿಂಗ್ ಡಿಗ್ರಿಗಳನ್ನ ದೇಶಗಳು ಪರಸ್ಪರ ಒಪ್ಪೋ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯ್ತು. ನೀನು ಓದಿದ ವರ್ಷಕ್ಕೆ ನಿನ್ನ ಕೋರ್ಸಿಗೆ ಎನ್‌ಬಿಎ (ನಮ್ಮ ದೇಶದ ಕೋರ್ಸ್ ಮಾನ್ಯತಾ ಮಂಡಳಿ) ಕೊಡೋ ಟೈರ್-1 ಮಾನ್ಯತೆ ಇತ್ತಾ ಅಂತ ಕಾಲೇಜಲ್ಲಿ ಕೇಳು. ಇದ್ರೆ ಕೆಲಸ ಅರ್ಧ ಹಗುರ. ಇಲ್ಲದಿದ್ರೆ ಸಿಡಿಆರ್ ಬರೀಬೇಕು, ಅಂದ್ರೆ ನೀನೇ ಮಾಡಿದ ಮೂರು ಕೆಲಸಗಳ ವಿವರವಾದ ವರದಿ. ಇಂಟರ್‌ನೆಟ್‌ನಲ್ಲಿ ರೆಡಿಮೇಡ್ ಸಿಡಿಆರ್ ಮಾರ್ತಾರೆ. ಮುಟ್ಟಲೇಬೇಡ. ನಕಲು ಸಿಕ್ಕಿಬಿದ್ರೆ ಅರ್ಜಿ ತಿರಸ್ಕಾರ ಆಗೋದಲ್ಲದೆ ಮತ್ತೆ ಹಾಕದ ಹಾಗೆ ನಿಷೇಧವನ್ನೂ ಹಾಕ್ತಾರೆ. ಕಾರ್ಖಾನೆಯಲ್ಲಿ ಕಂಪ್ರೆಸರ್ ಬಿಚ್ಚಿ ಕೂರಿಸಿದ್ದನ್ನ ನಿನ್ನ ಮಾತಲ್ಲಿ ಬರೆದ್ರೆ ಸಾಕು, ಅವರಿಗೆ ಬೇಕಾದ್ದು ಅದೇ.

ಮಾರ್ಕ್ಸ್‌ಕಾರ್ಡ್ ವಿಷಯ. ನಿನ್ನದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಟ್ರಾನ್ಸ್‌ಕ್ರಿಪ್ಟ್ ಬೆಳಗಾವಿಯಿಂದ. ನನ್ನ ವಯಸ್ಸಿನವರು ಯಾರಾದ್ರೂ ಇದನ್ನ ಓದ್ತಿದ್ರೆ ತಿಳ್ಕೊಳ್ಳಿ, ವಿಟಿಯು ಶುರುವಾಗಿದ್ದು 1998ರಲ್ಲಿ. ಅದಕ್ಕೂ ಮುಂಚಿನ ಬ್ಯಾಚ್‌ನವರು ಮೈಸೂರು ವಿಶ್ವವಿದ್ಯಾಲಯಕ್ಕೇ ಹೋಗಬೇಕು.

ಅರಸೀಕೆರೆ ಎಕ್ಸ್‌ಪ್ರೆಸ್

ಏಜೆಂಟ್ ವಿಷಯಕ್ಕೆ ಮೊದಲು ಉತ್ತರ ಕೊಡ್ತೀನಿ, ಅದು ತುರ್ತು. ಕೊಡಬೇಡಿ ಸರ್. ಒಂದು ರೂಪಾಯಿ ಅಡ್ವಾನ್ಸ್ ಕೂಡ ಕೊಡಬೇಡಿ.

ಕಾರಣ ಹೇಳ್ತೀನಿ. ಕೆನಡಾದ ಪಿಆರ್‌ಗೆ ಇರೋ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಮೊದಲು ಜಾಬ್ ಆಫರ್ ಇದ್ರೆ 50 ಅಥವಾ 200 ಪಾಯಿಂಟ್ ಸಿಗ್ತಿತ್ತು. ಆ ಪಾಯಿಂಟಿಗೋಸ್ಕರ ಸುಳ್ಳು ಆಫರ್ ಲೆಟರ್ ಮಾರೋ ದಂಧೆ ದೊಡ್ಡದಾಗಿ ಬೆಳೀತು. ಅದನ್ನ ತಡೆಯೋಕೆ ಅಂತಲೇ 2025ರ ಮಾರ್ಚ್ 25ರಿಂದ ಆ ಪಾಯಿಂಟ್‌ಗಳನ್ನ ತೆಗೆದುಹಾಕಿದ್ರು. ಅಂದ್ರೆ ನಿಮ್ಮ ಏಜೆಂಟ್ ಆರು ಲಕ್ಷಕ್ಕೆ ಮಾರ್ತಿರೋ ಕಾಗದಕ್ಕೆ ಸಿಆರ್‌ಎಸ್‌ನಲ್ಲಿ, ಅಂದ್ರೆ ಅರ್ಜಿದಾರರಿಗೆ ರ‍್ಯಾಂಕ್ ಕೊಡೋ ಲೆಕ್ಕದಲ್ಲಿ, ಒಂದು ಪಾಯಿಂಟೂ ಇಲ್ಲ. ಅದು ಸುಳ್ಳು ಅಂತ ಗೊತ್ತಾದ್ರೆ ತಪ್ಪು ಮಾಹಿತಿ ಕೊಟ್ಟ ಕಾರಣಕ್ಕೆ ಐದು ವರ್ಷ ಕೆನಡಾ ಕಡೆ ತಲೆ ಹಾಕೋ ಹಾಗಿಲ್ಲ. ಆಸ್ಟ್ರೇಲಿಯದಲ್ಲೂ ಇಂಥದ್ದಕ್ಕೆ ಮೂರು ವರ್ಷ. ಏಜೆಂಟ್‌ಗೆ ಏನೂ ಆಗಲ್ಲ, ಅರ್ಜಿಯಲ್ಲಿ ಸಹಿ ನಿಮ್ಮದು.

ಯಾರನ್ನಾದ್ರೂ ಕೇಳಲೇಬೇಕು ಅಂದ್ರೆ ಕೆನಡಾಗೆ ಆರ್‌ಸಿಐಸಿ ಅನ್ನೋ ಪರವಾನಗಿ ಇರೋರು, ಆಸ್ಟ್ರೇಲಿಯಕ್ಕೆ ಅಲ್ಲಿ ನೋಂದಾಯಿತ ಮೈಗ್ರೇಷನ್ ಏಜೆಂಟ್‌ಗಳು. ಎರಡೂ ಪಟ್ಟಿ ಆನ್‌ಲೈನ್‌ನಲ್ಲಿ ಸಾರ್ವಜನಿಕವಾಗಿದೆ, ಹೆಸರು ಹಾಕಿ ನೋಡಬಹುದು. ವಿದೇಶಿ ಉದ್ಯೋಗಕ್ಕೆ ಕಳಿಸ್ತೀವಿ ಅನ್ನೋರು ನಮ್ಮ ದೇಶದಲ್ಲೂ 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿರಬೇಕು, ಸೇವಾಶುಲ್ಕ 30 ಸಾವಿರ ಮತ್ತು ಜಿಎಸ್‌ಟಿ ಮೀರೋ ಹಾಗಿಲ್ಲ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ಇದೆಯಾ ನೋಡಿ. ಆರು ಲಕ್ಷ ಕೇಳೋರ ಹೆಸರು ಅಲ್ಲಿ ಇದ್ದೀತು ಅಂತ ನನಗನ್ಸಲ್ಲ.

ಇನ್ನು ಕೆನಡಾ ಅರ್ಜಿ. ಭಾರತದಿಂದ ನೇರ ಹಾಕೋರಿಗೆ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗ. 100ಕ್ಕೆ 67 ಅರ್ಹತೆ, ಆಮೇಲೆ ಸಿಆರ್‌ಎಸ್ ರ‍್ಯಾಂಕಿಂಗ್. ಸಾಮಾನ್ಯ ಕಟ್‌ಆಫ್ 500 ದಾಟಿ ಬಹಳ ದಿನ ಆಯ್ತು. ನಿಮ್ಮ ವಯಸ್ಸಿಗೆ, ಕೆನಡಾ ಅನುಭವ ಇಲ್ಲದೆ ಅಲ್ಲಿಗೆ ಮುಟ್ಟೋದು ಕಷ್ಟ. 30ರ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಪಾಯಿಂಟ್ ಕಡಿಮೆ ಆಗ್ತಾ ಹೋಗುತ್ತೆ. ಪ್ರಾಂತ್ಯದ ನಾಮನಿರ್ದೇಶನ ಸಿಕ್ಕಿದ್ರೆ 600 ಸೇರುತ್ತೆ, ಅದು ಬೇರೆ ಮಾತು. 2023ರಿಂದ ಕೆಲವು ವೃತ್ತಿಗಳಿಗೆ ಪ್ರತ್ಯೇಕ ಸುತ್ತು ಮಾಡ್ತಿದ್ದಾರೆ. ಅದರಲ್ಲಿ ಆರೋಗ್ಯ ವಿಭಾಗ ಇದೆ, ಅದರ ಕಟ್‌ಆಫ್ ಸಾಮಾನ್ಯಕ್ಕಿಂತ ಕೆಳಗಿಳಿದದ್ದಿದೆ. ನಿಮ್ಮ ಮನೆಯವರು ನರ್ಸ್ ಅಂದ್ರಲ್ಲ, ಅದನ್ನ ಯಾಕೆ ಯೋಚಿಸ್ತಿಲ್ಲ?

ಬಾಳ್ಳುಪೇಟೆ ಹುಡುಗ

ಇಬ್ಬರಿಗೂ ಧನ್ಯವಾದ. ಏಜೆಂಟ್‌ಗೆ ಬೇಡ ಅಂತ ಹೇಳಿಬಿಡ್ತೀನಿ. ಹೆಂಡತಿ ವಿಷಯ… ನಿಜ ಹೇಳಬೇಕಂದ್ರೆ ನಾನು ಎಂಜಿನಿಯರ್, ಅರ್ಜಿ ನನ್ನ ಹೆಸರಲ್ಲೇ, ಅವಳು ಡಿಪೆಂಡೆಂಟ್ ಅಂತ ಮನೆಯಲ್ಲಿ ಎಲ್ಲರೂ ಅಂದ್ಕೊಂಡಿದ್ವಿ. ನರ್ಸಿಂಗ್ ರಿಜಿಸ್ಟ್ರೇಷನ್ ಬಹಳ ಕಷ್ಟ ಅಂತ ಕೇಳಿದ್ದೆ. ಅವಳೂ ಈಗ ಪಕ್ಕದಲ್ಲಿ ಕೂತು ಓದ್ತಿದ್ದಾಳೆ.

ಮೂಡಿಗೆರೆ ಸಿಸ್ಟರ್

ಪಕ್ಕದಲ್ಲಿ ಕೂತಿದ್ರೆ ಫೋನ್ ಅವರ ಕೈಗೇ ಕೊಡಿ ಅಣ್ಣ, ನಾನು ಅವರಿಗೇ ಬರೀತೀನಿ.

ತಂಗಿ, ನಾನು ಚಿಕ್ಕಮಗಳೂರಲ್ಲಿ ಕೆಲಸ ಶುರು ಮಾಡಿ ಈಗ ಅಡಿಲೇಡ್‌ನಲ್ಲಿರೋ ನರ್ಸ್. ನಮ್ಮ ಕಡೆ ಈ ಮಾತು ಬರೋದೇ "ಗಂಡನಿಗೆ ವೀಸಾ, ಹೆಂಡತಿ ಜೊತೆಗೆ" ಅಂತ. ನಿಮ್ಮಿಬ್ಬರ ಲೆಕ್ಕ ಒಂದ್ಸಲ ಪಕ್ಕಪಕ್ಕ ಇಟ್ಟು ನೋಡು. ನಿನ್ನ ವಯಸ್ಸಿಗೆ 30, ಡಿಗ್ರಿಗೆ 15, ಆರು ವರ್ಷದ ಅನುಭವಕ್ಕೆ 10, ಇಂಗ್ಲಿಷ್‌ಗೆ 10. ನಿನ್ನದೂ 65ಏ. ಅಣ್ಣನಿಗೆ 33 ಆಗೋಕೆ ಒಂದು ವರ್ಷವೂ ಇಲ್ಲ. ನಿನಗೆ ಇನ್ನೂ ಮೂರು ವರ್ಷದ ಮೇಲಿದೆ. ಅವರಿಗೆ 33 ಆದಾಗ ಹೋಗೋ 5, ಎಂಟು ವರ್ಷ ಅನುಭವ ತುಂಬಿದಾಗ ವಾಪಸ್ ಬರಬಹುದು, ಆದರೆ ಅಲ್ಲಿಗೇ ನಿಂತಿತು. ನೀನು 33 ಆಗೋ ಮುಂಚೆ ಎಂಟು ವರ್ಷ ಅನುಭವವನ್ನೂ ಮುಗಿಸಿರ್ತೀಯ, ಅಲ್ಲಿಗೆ 70. ಅದಕ್ಕೆ ಅಣ್ಣ ಸಂಗಾತಿಯಾಗಿ ತಮ್ಮ ಕೌಶಲ ಪರಿಶೀಲನೆ ಮುಗಿಸಿ ಇಂಗ್ಲಿಷ್‌ನಲ್ಲಿ ನಾಲ್ಕಕ್ಕೂ 6 ತಗೊಂಡ್ರೆ ಇನ್ನೂ 10. ಬರೀ ಇಂಗ್ಲಿಷ್ ಆದ್ರೆ 5.

ಇದೆಲ್ಲದಕ್ಕಿಂತ ದೊಡ್ಡದು ವೃತ್ತಿ. ಎಷ್ಟೋ ರಾಜ್ಯಗಳು ನರ್ಸ್‌ಗಳನ್ನ ತಮ್ಮ ಪಟ್ಟಿಯ ಮೇಲ್ಗಡೆಯೇ ಇಟ್ಕೊಂಡಿವೆ. ಒಂದೇ ಪಾಯಿಂಟ್ ಇದ್ರೂ ಮೆಕ್ಯಾನಿಕಲ್ ಎಂಜಿನಿಯರ್ ಕಾಯೋ ಕಾಲ ಬೇರೆ, ಐಸಿಯು ನರ್ಸ್ ಕಾಯೋ ಕಾಲ ಬೇರೆ.

ಕಷ್ಟ ಇಲ್ಲ ಅಂತ ಹೇಳಲ್ಲ. ಕಷ್ಟ ವೀಸಾದಲ್ಲಿ ಇಲ್ಲ, ಅದಕ್ಕೂ ಮುಂಚೆ ಇದೆ. ಅಲ್ಲಿ ನರ್ಸ್ ಆಗಿ ಕೆಲಸ ಮಾಡೋಕೆ ಆಪ್ರಾ ಅನ್ನೋ ಅಲ್ಲಿನ ಆರೋಗ್ಯ ವೃತ್ತಿ ಸಂಸ್ಥೆಯ ನೋಂದಣಿ ಬೇಕು. ಭಾರತದ ಬಿಎಸ್ಸಿ ನರ್ಸ್‌ಗಳು ಸಾಮಾನ್ಯವಾಗಿ ಎರಡು ಪರೀಕ್ಷೆ ದಾಟಬೇಕು. ಮೊದಲನೇದು ಎನ್‌ಕ್ಲೆಕ್ಸ್-ಆರ್‌ಎನ್, ನರ್ಸಿಂಗ್ ಜ್ಞಾನದ ಪರೀಕ್ಷೆ, ಕಂಪ್ಯೂಟರ್‌ನಲ್ಲಿ, ಬೆಂಗಳೂರಲ್ಲೇ ಬರೀಬಹುದು. ಎರಡನೇದು ಓಸ್ಕಿ, ಕೈಯಾರೆ ಮಾಡಿ ತೋರಿಸೋ ಪರೀಕ್ಷೆ, ಅದಕ್ಕೆ ಆಸ್ಟ್ರೇಲಿಯಕ್ಕೇ ಹೋಗಬೇಕು. ವಿಮಾನದ ಖರ್ಚು, ಉಳಿಯೋ ಖರ್ಚು, ಶುಲ್ಕ ಎಲ್ಲ ಸೇರಿ ಇದೇ ದೊಡ್ಡ ಹೊರೆ. ಆ ಏಜೆಂಟ್ ಕೇಳಿದ ದುಡ್ಡು ನಿಮ್ಮ ಹತ್ರ ಇದ್ರೆ ಅದನ್ನ ಇದಕ್ಕೆ ಎತ್ತಿಡಿ. ಜೊತೆಗೆ ಇಂಗ್ಲಿಷ್‌ಗೆ ಓಇಟಿ ಅಥವಾ ಐಇಎಲ್‌ಟಿಎಸ್. ಓಇಟಿ ನಮ್ಮ ಕೆಲಸದ ಭಾಷೆಯಲ್ಲೇ ಇರುತ್ತೆ, ರೋಗಿಯ ಕೇಸ್ ನೋಟ್ಸ್ ಓದಿ ರೆಫರಲ್ ಪತ್ರ ಬರೆಯೋದು, ರೋಗಿ ಜೊತೆ ಮಾತಾಡೋದು. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಅದೇ ಹಿಡಿಸ್ತು.

ಐಸಿಯುನಲ್ಲಿ ಮಾಡಿದ ಕೆಲಸ ವ್ಯರ್ಥ ಆಗಲ್ಲ. ವೆಂಟಿಲೇಟರ್ ರೋಗಿಗಳನ್ನ ನೋಡಿದವರಿಗೆ ಎನ್‌ಕ್ಲೆಕ್ಸ್‌ನ "ಮೊದಲು ಯಾವ ರೋಗಿ ಹತ್ರ ಹೋಗ್ತೀಯ" ಅನ್ನೋ ಪ್ರಶ್ನೆಗಳು ಹೊಸದೇನಲ್ಲ. ಕಷ್ಟ ಆಗೋದು ಅಲ್ಲಿನ ಔಷಧಿ ಹೆಸರುಗಳು, ಮನೋರೋಗ ವಿಭಾಗ, ಮತ್ತೆ ರಾತ್ರಿ ಡ್ಯೂಟಿ ಮುಗಿಸಿ ಬಂದು ಓದೋ ಶಕ್ತಿ. ಈ ಮೂರನೇದಕ್ಕೆ ಮನೆಯವರ ಸಹಾಯ ಬೇಕೇಬೇಕು. ಅಣ್ಣ, ಇದನ್ನ ನೀವು ಓದಿ: ಮಗಳನ್ನ ಮಲಗಿಸೋದು, ಬೆಳಗಿನ ತಿಂಡಿ, ಇದು ಆರೆಂಟು ತಿಂಗಳು ನಿಮ್ಮ ಪಾಲಿಗೆ.

ಸಿ.ಆರ್.ಪಟ್ಣ ಜರ್ಮನಿ

ಜರ್ಮನಿಯನ್ನೂ ಬಿಟ್ಟುಹಾಕಬೇಡಿ. ಎಂಜಿನಿಯರ್‌ಗೆ ಅಲ್ಲಿ ಇಯು ಬ್ಲೂ ಕಾರ್ಡ್ ಅನ್ನೋ ಕೆಲಸ-ವಾಸದ ಪರವಾನಗಿ ಇದೆ. ಪಾಯಿಂಟ್ ಇಲ್ಲ, ಸಾಲಿಲ್ಲ. ಮಾನ್ಯತೆ ಇರೋ ಡಿಗ್ರಿ, ಅದಕ್ಕೆ ತಕ್ಕ ಕೆಲಸ, ಸಂಬಳದ ಮಿತಿ, ಇಷ್ಟೆ. 2025ರಲ್ಲಿ ಆ ಮಿತಿ ವರ್ಷಕ್ಕೆ 48,300 ಯೂರೋ, ಎಂಜಿನಿಯರಿಂಗ್‌ನಂಥ ಕೊರತೆ ಇರೋ ವೃತ್ತಿಗೆ 43,759.80 ಇತ್ತು. ನಿಮ್ಮ ವಿಶ್ವವಿದ್ಯಾಲಯಕ್ಕೆ ಅಲ್ಲಿ ಮಾನ್ಯತೆ ಇದೆಯಾ ಅಂತ ಅನಾಬಿನ್ ಅನ್ನೋ ಜರ್ಮನಿಯ ಪಟ್ಟಿಯಲ್ಲಿ ನೋಡ್ಕೊಳ್ಳಿ. ಬ್ಲೂ ಕಾರ್ಡ್‌ನವರಿಗೆ ಎ1 (ಮೊದಲ ಹಂತದ) ಜರ್ಮನ್ ಇದ್ರೆ 27 ತಿಂಗಳಿಗೆ, ಬಿ1 (ಮಧ್ಯಮ ಹಂತ) ಇದ್ರೆ 21 ತಿಂಗಳಿಗೇ ಶಾಶ್ವತ ವಾಸದ ಪರವಾನಗಿ. ಇಷ್ಟು ಬೇಗ ಕೊಡೋ ದೇಶ ಹೆಚ್ಚಿಲ್ಲ.

ಆದರೆ ಕೆಲಸ ಹುಡುಕಿಕೊಂಡೇ ಹೋಗಬೇಕು, ಮೇಂಟೆನೆನ್ಸ್ ಕೆಲಸಕ್ಕೆ ಜರ್ಮನ್ ಭಾಷೆ ಇಲ್ಲದೆ ಯಾರೂ ಕರೆಯಲ್ಲ. ಶಾಪ್ ಫ್ಲೋರ್‌ನಲ್ಲಿ ಎಲ್ಲರೂ ಮಾತಾಡೋದು ಜರ್ಮನ್ನೇ. 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಅನ್ನೋ ವೀಸಾ ಬಂದಿದೆ, ಒಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್ ಟೈಮ್ ಮಾಡಬಹುದು. ಅದಕ್ಕೆ ವರ್ಷದ ಖರ್ಚಿಗೆ ದುಡ್ಡು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಇಡಬೇಕು, 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ. ಮೂರು ವರ್ಷದ ಮಗು ಇರೋ ಮನೆಯವರು ಕೈಲಿರೋ ಕೆಲಸ ಬಿಟ್ಟು ಈ ದಾರಿ ಹಿಡಿಯೋದು ನನಗೆ ಸರಿ ಅನ್ಸಲ್ಲ. ನರ್ಸ್‌ಗೆ ಅಲ್ಲಿ ಬಹಳ ಬೇಡಿಕೆ ಇದೆ, ಆದರೆ ಪೂರ್ತಿ ಮಾನ್ಯತೆ ಸಿಗೋಕೆ ಸಾಮಾನ್ಯವಾಗಿ ಬಿ2 ಜರ್ಮನ್ ಕೇಳ್ತಾರೆ, ಜೊತೆಗೆ ಹೊಂದಾಣಿಕೆ ತರಬೇತಿ ಅಥವಾ ಪರೀಕ್ಷೆ. ಸೊನ್ನೆಯಿಂದ ಬಿ2ಗೆ ವರ್ಷದ ಮೇಲೆ ಹಿಡಿಯುತ್ತೆ.

ಆಲೂರು

ಯುಕೆ ಕೂಡ ನರ್ಸ್‌ಗಳಿಗೆ ಸುಲಭ ಅಂತಾರಲ್ಲ? ದುಬೈ ಕೂಡ.

ಅರಸೀಕೆರೆ ಎಕ್ಸ್‌ಪ್ರೆಸ್

ದುಬೈಗೆ ದುಡಿಯೋಕೆ ಹೋಗಬಹುದು. ಇವರು ಕೇಳ್ತಿರೋದು ನೆಲೆ ನಿಲ್ಲೋದು, ಕೆಲಸದ ವೀಸಾ ಮೇಲೆ ಹೋದ ನರ್ಸ್‌ಗೆ ಅದು ಅಲ್ಲಿ ಸಿಗಲ್ಲ. ಯುಕೆಯಲ್ಲಿ ಐದು ವರ್ಷಕ್ಕೆ ಶಾಶ್ವತ ವಾಸ ಅಂತಿತ್ತು. 2025ರ ಮೇನಲ್ಲಿ ಅಲ್ಲಿನ ಸರ್ಕಾರ ಶ್ವೇತಪತ್ರ ಹೊರಡಿಸಿ ಅದನ್ನ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸೋ ಪ್ರಸ್ತಾಪ ಇಟ್ಟಿತು. ಅದೇ ವರ್ಷ ಜುಲೈ 22ರಿಂದ ಹೊರದೇಶದಿಂದ ಕೇರ್ ವರ್ಕರ್‌ಗಳನ್ನ ಕರೆಸೋದನ್ನೂ ನಿಲ್ಲಿಸಿದ್ರು. ನರ್ಸ್ ಅಂತ ಹೇಳಿ ಕೇರ್ ವರ್ಕರ್ ಕೆಲಸಕ್ಕೆ ದುಡ್ಡು ಕೀಳೋರ ಬಗ್ಗೆ ಹುಷಾರು.

ಕಡೂರು ಹುಡುಗಿ

ಮಧ್ಯೆ ನನ್ನದೊಂದು ಪ್ರಶ್ನೆ. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರಿನದು, ಒಂದು ಅಪ್ಪನದು. ಡಿಗ್ರಿಯಲ್ಲಿ ಇನಿಶಿಯಲ್ ಹಿಂದೆ ಬಂದಿದೆ. ಪಾಸ್‌ಪೋರ್ಟ್‌ನಲ್ಲಿ ಅದನ್ನ ಬಿಡಿಸಿ ಬರೆದಿದ್ದಾರೆ. ಇದು ತೊಂದರೆ ಆಗುತ್ತಾ?

ಅರಸೀಕೆರೆ ಎಕ್ಸ್‌ಪ್ರೆಸ್

ಆಗುತ್ತೆ, ಆದರೆ ಸರಿಪಡಿಸಬಹುದು. ನಮ್ಮ ಜಿಲ್ಲೆಗಳ ಮುಕ್ಕಾಲು ಪಾಲು ಜನರಿಗೆ ಇದೇ ಕಥೆ. ಆ ದೇಶಗಳ ಅರ್ಜಿಯಲ್ಲಿ ಕುಟುಂಬದ ಹೆಸರು ಬೇರೆ, ಕೊಟ್ಟ ಹೆಸರು ಬೇರೆ ಇರಬೇಕು. ನಮ್ಮಲ್ಲಿ ಆ ರೂಢಿಯೇ ಇಲ್ಲ. ಎಲ್ಲ ಅರ್ಜಿಯಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಬರೀರಿ, ಒಂದು ಅಕ್ಷರ ಆಚೀಚೆ ಬೇಡ. ಉಳಿದ ದಾಖಲೆಗಳಲ್ಲಿರೋ ಹೆಸರೂ ನನ್ನದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, "ಇತರ ಹೆಸರುಗಳು" ಅನ್ನೋ ಜಾಗದಲ್ಲಿ ಅವನ್ನೆಲ್ಲ ಬರೀರಿ. ಮುಚ್ಚಿಟ್ರೆ ಅನುಮಾನ ಬರುತ್ತೆ, ಹೇಳಿಬಿಟ್ರೆ ಏನೂ ಇಲ್ಲ. ಮದುವೆ ಆಯ್ತು ಅಂತ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರಿಗೆ ಬದಲಾಯಿಸಲೇಬೇಕು ಅಂತ ಯಾವ ನಿಯಮವೂ ಇಲ್ಲ. ಮಾರ್ಕ್ಸ್‌ಕಾರ್ಡ್‌ನ ಹೆಸರೇ ಇರಲಿ. ಮದುವೆಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಸಾಕು. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ನಡೆಯಲ್ಲ.

ಪೊಲೀಸ್ ಕ್ಲಿಯರೆನ್ಸ್‌ಗೆ ಬೆಂಗಳೂರಿಗೆ ಓಡೋದೂ ಬೇಡ. 2022ರ ಸೆಪ್ಟೆಂಬರ್‌ನಿಂದ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಅದಕ್ಕೆ ಹಾಕಬಹುದು. ಹಾಸನದಲ್ಲಿ ಅಂಥ ಕೇಂದ್ರ ಇದೆ.

ಹೇಮಾವತಿ ದಡ

ನಾನು ಸಕಲೇಶಪುರದ ಕಡೆಯ ಬೆಳೆಗಾರ, 66 ವರ್ಷ. ಮಗ ಟೊರೊಂಟೊದಲ್ಲಿ, ಮಗಳು ಪರ್ತ್‌ನಲ್ಲಿ. ಕಾಗದಪತ್ರದ ಬಗ್ಗೆ ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಈ ಹುಡುಗನ ತಂದೆಯ ಪರವಾಗಿ ಎರಡು ಮಾತು ನಾನು ಹೇಳ್ತೀನಿ.

ಮಗನೇ, ನಿಮ್ಮಪ್ಪ ಕೇಳಿದ್ದು ಖಾತೆಯ ಪ್ರಶ್ನೆ. ಅದರ ಒಳಗೆ ಇನ್ನೊಂದು ಪ್ರಶ್ನೆ ಇದೆ: ಮರಗಸಿ (ನೆರಳಿನ ಮರದ ಕೊಂಬೆ ಕಡಿಸೋದು) ಯಾರು ಮಾಡಿಸ್ತಾರೆ, ಫೆಬ್ರವರಿಯಲ್ಲಿ ಹೂಮಳೆ ಬಾರದಿದ್ರೆ ಸ್ಪ್ರಿಂಕ್ಲರ್ ಪೈಪು ಯಾರು ಎಳೀತಾರೆ, ಆನೆ ಬಂದು ಬೇಲಿ ಮುರಿದ ರಾತ್ರಿ ಯಾರಿಗೆ ಫೋನ್ ಮಾಡೋದು. ಆರು ಎಕರೆಗೆ ರೈಟರ್, ಅಂದ್ರೆ ತೋಟದ ಮೇಲ್ವಿಚಾರಕ, ಇಟ್ಕೊಳ್ಳೋ ಶಕ್ತಿ ಯಾರಿಗೂ ಇರಲ್ಲ. ಆಳಿನ ಕೊರತೆ ನಿನಗೂ ಗೊತ್ತು. ಹೋಗಬೇಡ ಅಂತ ನಾನು ಹೇಳಲ್ಲ, ನನ್ನ ಮಕ್ಕಳನ್ನೂ ತಡೀಲಿಲ್ಲ. ಆದರೆ ಹೊರಡೋ ಮುಂಚೆ ಒಂದು ಕೊಯ್ಲು ಪೂರ್ತಿ ನಿಮ್ಮಪ್ಪನ ಜೊತೆ ನಿಲ್ಲು. ಯಾವ ಮೇಸ್ತ್ರಿ ನಂಬಿಕಸ್ಥ, ಯಾವ ವ್ಯಾಪಾರಿ ತೂಕದಲ್ಲಿ ಸರಿ, ಯಾವ ಬ್ಲಾಕ್ ಗಿಡ ಕೀಳಬೇಕು, ಎಲ್ಲ ಬರೆದಿಟ್ಕೋ. ಕೈಲಾಗದ ವರ್ಷ ಫಸಲನ್ನ ಮಾತ್ರ ಗುತ್ತಿಗೆಗೆ ಕೊಡಿ, ಅದಕ್ಕೂ ಕಾಗದ ಇರಲಿ.

ಇನ್ನೊಂದು. ಅಪ್ಪ ಅಮ್ಮನನ್ನ ಆಮೇಲೆ ಕರೆಸ್ಕೊಳ್ತೀವಿ ಅಂತ ಎಲ್ಲರೂ ಹೇಳ್ತಾರೆ. ಕೆನಡಾದಲ್ಲಿ ಸೂಪರ್ ವೀಸಾ ಇದೆ, ಒಂದು ಸಲ ಹೋದ್ರೆ ಐದು ವರ್ಷದವರೆಗೆ ಇರಬಹುದು. ಆಸ್ಟ್ರೇಲಿಯದಲ್ಲಿ ತಂದೆತಾಯಿಯ ಶಾಶ್ವತ ವೀಸಾಗೆ ಸಾಲು ಬಹಳ ಉದ್ದ, ಬೇಗ ಆಗೋದಕ್ಕೆ ದುಡ್ಡೂ ಬಹಳ. ನಾನು ಮಗಳ ಹತ್ರ ಹೋಗಿ ಇದ್ದೆ. ಕೊಯ್ಲಿನ ಹೊತ್ತಿಗೆ ಮನಸ್ಸು ನಿಲ್ಲದೆ ವಾಪಸ್ ಬಂದೆ. ನಿಮ್ಮಪ್ಪನೂ ಹಾಗೇ ಇರಬಹುದು. ಅವರನ್ನ ಕರ್ಕೊಂಡು ಹೋಗೋ ಲೆಕ್ಕ ಹಾಕೋ ಮುಂಚೆ ಅವರಿಗೆ ಇಷ್ಟ ಇದೆಯಾ ಕೇಳು.

ಕಾಫಿನಾಡು ವಕೀಲೆ

ತೋಟದ ಕಾನೂನು ನಾನು ಹೇಳ್ತೀನಿ. ಚಿಕ್ಕಮಗಳೂರಲ್ಲಿ ಕಂದಾಯ ಮತ್ತು ಸಿವಿಲ್ ಪ್ರಕರಣ ನಡೆಸ್ತೀನಿ, ಇಂಥ ಪ್ರಶ್ನೆ ನಮ್ಮ ಕಚೇರಿಗೆ ಆಗಾಗ ಬರುತ್ತೆ. ತಪ್ಪು ತಿಳುವಳಿಕೆಯೂ ಅಷ್ಟೇ ಇದೆ.

ಪಿಆರ್ ಬಂದ ಮಾತ್ರಕ್ಕೆ ನೀವು ಭಾರತದ ಪ್ರಜೆ ಅಲ್ಲ ಅಂತ ಆಗಲ್ಲ. ಪಾಸ್‌ಪೋರ್ಟ್ ನಮ್ಮದೇ ಇರುತ್ತೆ. ಅಲ್ಲಿನ ಪೌರತ್ವ ತಗೊಂಡ ದಿನ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಇಲ್ಲಿನದು ತಾನಾಗಿ ಹೋಗುತ್ತೆ, ಆಮೇಲೆ ಓಸಿಐ ಕಾರ್ಡ್, ಅಂದ್ರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪುತ್ತೆ, ಆದರೆ ನಮ್ಮ ದೇಶ ಒಪ್ಪಲ್ಲ. ಹಾಗಾಗಿ ಅದರಿಂದ ನಮಗೆ ಲಾಭ ಇಲ್ಲ.

ಭೂಮಿಗೆ ಅನ್ವಯಿಸೋದು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮ. ಅದು ಪೌರತ್ವಕ್ಕಿಂತ ಮುಂಚೆಯೇ ಬರುತ್ತೆ. ಕೆಲಸಕ್ಕೆ ಅಂತ ವಿದೇಶಕ್ಕೆ ಹೊರಟ ಮೇಲೆ ನೀವು ಎನ್‌ಆರ್‌ಐ. ಎನ್‌ಆರ್‌ಐ ಆಗಲಿ ಓಸಿಐ ಆಗಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಂಡುಕೊಳ್ಳೋ ಹಾಗಿಲ್ಲ. 2020ರಲ್ಲಿ ಜಮೀನು ಯಾರು ಕೊಳ್ಳಬಹುದು ಅಂತ ಮಿತಿ ಹಾಕಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದರಲ್ಲ, ಈಗ ಯಾರು ಬೇಕಾದ್ರೂ ಜಮೀನು ತಗೋಬಹುದು ಅಂತ ಕೆಲವರು ಹೇಳ್ತಾರೆ. ಅದು ರಾಜ್ಯದ ಕಾನೂನು. ಫೆಮಾ ಹಾಗೇ ಇದೆ.

ಇನ್ನು ಬಹಳ ಜನ ಎಡವೋ ಜಾಗ ದಾನಪತ್ರ. ಎನ್‌ಆರ್‌ಐ ಮಗನಿಗೆ ಅಪ್ಪ ಹಾಸನದ ಸೈಟನ್ನೋ ಮನೆಯನ್ನೋ ದಾನಪತ್ರ ಮಾಡಬಹುದು. ತೋಟ ಮಾಡೋ ಹಾಗಿಲ್ಲ. ಮಗ ರಜಕ್ಕೆ ಬಂದಾಗ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ದಾನಪತ್ರ ನೋಂದಾಯಿಸಿ, ವರ್ಷಗಳ ನಂತರ ಮಾರೋಕೆ ಹೋದಾಗ ಸಿಕ್ಕಿಕೊಂಡ ಪ್ರಕರಣ ನಾನು ನೋಡಿದ್ದೀನಿ. ಆದರೆ ವಾರಸುದಾರಿಕೆಯಿಂದ ಬಂದದ್ದಕ್ಕೆ ಅಡ್ಡಿ ಇಲ್ಲ. ನಿಮ್ಮ ತಂದೆ ಉಯಿಲು ಬರೆದಿಟ್ಟರೂ, ಬರೆಯದೆ ಇದ್ದು ವಾರಸಿನಲ್ಲಿ ಬಂದರೂ, ನೀವು ಎನ್‌ಆರ್‌ಐ ಆಗಿದ್ರೂ ಓಸಿಐ ಆಗಿದ್ರೂ ತೋಟ ನಿಮಗೆ ಬರುತ್ತೆ. ವಂಶವೃಕ್ಷ, ಮರಣ ಪತ್ರ ಇಟ್ಟು ಪೌತಿ ಖಾತೆ ಮಾಡಿಸಿಕೊಳ್ಳಬೇಕು, ಪಹಣಿಯಲ್ಲಿ ಹೆಸರು ಬರುತ್ತೆ. ಮುಂದೆ ಮಾರಬೇಕಾದ್ರೆ ಭಾರತದಲ್ಲಿ ವಾಸ ಇರೋ ಭಾರತೀಯರಿಗೆ ಮಾತ್ರ ಮಾರಬಹುದು. ಪರ್ತ್‌ನಲ್ಲಿರೋ ಸ್ನೇಹಿತನಿಗೆ ಮಾರೋ ಹಾಗಿಲ್ಲ.

ಇಲ್ಲಿ ವಾಸ ಇದ್ದಾಗಲೇ ನಿಮ್ಮ ಹೆಸರಿಗೆ ಆದ ಜಮೀನನ್ನ ಹೋದ ಮೇಲೂ ಇಟ್ಕೋಬಹುದು. ಹಾಗಾಗಿ "ಹೊರಡೋ ಮುಂಚೆ ಬರೆಸಿಕೊಂಡುಬಿಡಿ" ಅಂತ ಕೆಲವು ವಕೀಲರು ಹೇಳ್ತಾರೆ. ಕಾನೂನಿನಲ್ಲಿ ಅದು ಸರಿ. ನನ್ನ ಸಲಹೆ ಬೇರೆ. ತೋಟ ನೋಡಿಕೊಳ್ಳೋರು ಇನ್ನೂ ನಿಮ್ಮ ತಂದೆ. ಹೆಸರು ನಿಮ್ಮದಾದ್ರೆ ಬೆಳೆ ಸಾಲ, ಪರಿಹಾರದ ಅರ್ಜಿ, ಎಲ್ಲಕ್ಕೂ ನಿಮ್ಮ ಸಹಿ ಬೇಕಾಗುತ್ತೆ. ಅಲ್ಲಿಂದ ಜನರಲ್ ಪವರ್ ಆಫ್ ಅಟಾರ್ನಿ ಕಳಿಸಬೇಕು, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಜೀವ ಇರೋವರೆಗೂ ಜಮೀನು ತಂದೆಯ ಕೈಯಲ್ಲೇ ಇರಲಿ. ಉಯಿಲು ಬರೆಸಿ, ನೋಂದಣಿ ಕಡ್ಡಾಯ ಅಲ್ಲದಿದ್ರೂ ನೋಂದಾಯಿಸಿಬಿಡಿ.

ಅದಕ್ಕೂ ಮುಂಚೆ ಅಕ್ಕನ ಜೊತೆ ಮಾತಾಡಿ. ತೋಟ ನಿಮ್ಮ ತಂದೆಯ ಸ್ವಯಾರ್ಜಿತವೋ ಪಿತ್ರಾರ್ಜಿತವೋ? ಪಿತ್ರಾರ್ಜಿತ ಆದ್ರೆ 2005ರ ತಿದ್ದುಪಡಿಯ ಪ್ರಕಾರ ಅವರಿಗೂ ನಿಮ್ಮಷ್ಟೇ ಹಕ್ಕಿದೆ, ನಿಮ್ಮ ತಂದೆ ಇಡೀ ತೋಟವನ್ನ ಒಬ್ಬರಿಗೇ ಉಯಿಲು ಮಾಡೋಕೆ ಬರಲ್ಲ. ವಿಮಾನ ಹತ್ತೋ ಮುಂಚೆ ಎಲ್ಲರೂ ಒಟ್ಟಿಗೆ ಕೂತು ತೀರ್ಮಾನಿಸಿದ್ರೆ ಮುಂದೆ ನಮ್ಮಂಥವರ ಕಚೇರಿಗೆ ಬರೋ ಅಗತ್ಯ ಇರಲ್ಲ.

ಎಂಸಿಇ ಹಳೇ ಬ್ಯಾಚ್

ಮೇಡಂ, ಬಹಳ ಉಪಕಾರ. ಇದರಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ. ತಮ್ಮ, ಬ್ಯಾಂಕ್ ಖಾತೆ ಮರೀಬೇಡ. ಹೋದ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನ ಎನ್‌ಆರ್‌ಒ, ಅಂದ್ರೆ ಎನ್‌ಆರ್‌ಐಗಳ ಇಲ್ಲಿನ ಆದಾಯಕ್ಕಿರೋ ಖಾತೆ, ಮಾಡಿಸಬೇಕು.

ಅರಸೀಕೆರೆ ಎಕ್ಸ್‌ಪ್ರೆಸ್

ದುಡ್ಡಿನ ಮಾತು ಬಂತಲ್ಲ, ಇದನ್ನೂ ಸೇರಿಸ್ತೀನಿ. ಕೆನಡಾಗೆ ಹಾಕೋದಾದ್ರೆ ನೆಲೆಯೂರೋ ಹಣ ತೋರಿಸಬೇಕು, 2025ರ ಜುಲೈ ಲೆಕ್ಕದಲ್ಲಿ ಮೂವರ ಕುಟುಂಬಕ್ಕೆ 23,360 ಕೆನಡಾ ಡಾಲರ್. ತೋಟದ ಬೆಲೆ ಎಷ್ಟೇ ಇರಲಿ ಲೆಕ್ಕಕ್ಕಿಲ್ಲ, ಸಾಲ ತಂದ ದುಡ್ಡೂ ನಡೆಯಲ್ಲ. ಆರು ತಿಂಗಳ ಸರಾಸರಿ ಕೇಳ್ತಾರೆ. ನಮ್ಮ ಕಡೆ ತೊಂದರೆ ಏನಂದ್ರೆ ಕಾಫಿ ದುಡ್ಡು ವರ್ಷಕ್ಕೊಮ್ಮೆ ದಪ್ಪಗೆ ಬಂದು ಬೀಳುತ್ತೆ. ಅಪ್ಪ ಅದನ್ನ ನಿಮ್ಮ ಖಾತೆಗೆ ಹಾಕಿದ್ರೆ ಹಣ ಮಗನಿಗೆ ಕೊಟ್ಟಿದ್ದು, ವಾಪಸ್ ಕೇಳಲ್ಲ ಅಂತ ಅವರಿಂದ ಪತ್ರ, ಕಾಫಿ ಮಾರಿದ ಬಿಲ್, ಅವರ ಪಾಸ್‌ಬುಕ್, ಮೂರನ್ನೂ ಇಟ್ಕೊಳ್ಳಿ.

ತೆರಿಗೆಯೂ ಹಾಗೇ. ಇಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಕೆನಡಾ ಬಿಡಲ್ಲ. ಅಲ್ಲಿನ ನಿವಾಸಿಯಾದ ಮೇಲೆ ಪ್ರಪಂಚದ ಎಲ್ಲಿಂದ ಬಂದ ಆದಾಯವನ್ನೂ ತೋರಿಸಬೇಕು. ಮುಂದೆ ತೋಟ ನಿಮ್ಮ ಹೆಸರಿಗೆ ಬಂದಾಗ ಇದು ನೆನಪಿರಲಿ.

ಬಾಳ್ಳುಪೇಟೆ ಹುಡುಗ

ಎಲ್ಲವನ್ನೂ ಇಬ್ಬರೂ ಎರಡು ಸಲ ಓದಿದ್ವಿ. ಅಪ್ಪನಿಗೂ ವಕೀಲರ ಮೇಡಂ ಬರೆದದ್ದನ್ನ ಓದಿ ಹೇಳ್ದೆ. ಉಯಿಲಿನ ಮಾತಿಗೆ ಒಪ್ಪಿದ್ದಾರೆ. ತೋಟ ತಾತನ ಕಾಲದ್ದು, ಹಾಗಾಗಿ ಅಕ್ಕ ಭಾವನನ್ನ ಕರೆಸಿ ಮಾತಾಡ್ತೀವಿ. ಹೇಮಾವತಿ ದಡದ ಹಿರಿಯರೇ, ಈ ಸಲದ ಕೊಯ್ಲಿಗೆ ರಜ ಹಾಕಿ ಊರಲ್ಲೇ ಇರ್ತೀನಿ.

ಅರ್ಜಿ ಹೆಂಡತಿ ಹೆಸರಲ್ಲೇ, ಆಸ್ಟ್ರೇಲಿಯಕ್ಕೆ. ನಾನು ಸಂಗಾತಿ. ಸಿಸ್ಟರ್ ಅಕ್ಕ, ಅವಳು ಕೇಳ್ತಿದ್ದಾಳೆ: ಮೊದಲು ಯಾವ ಕಾಗದಕ್ಕೆ ಕೈ ಹಾಕೋದು? ಎಲ್ಲ ಒಟ್ಟಿಗೆ ತೆಗೆಸಿಟ್ಟುಬಿಡೋಣವಾ?

ಮೂಡಿಗೆರೆ ಸಿಸ್ಟರ್

ಒಟ್ಟಿಗೆ ಬೇಡ ತಂಗಿ, ಕೆಲವಕ್ಕೆ ಆಯಸ್ಸು ಕಡಿಮೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್‌ಗೆ ಈ ವಾರವೇ ಹಾಕು, ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳ ವಿವರ ಕಾಲೇಜಿನಿಂದ ಬೇಕಾಗುತ್ತೆ, ಅದಕ್ಕೇ ಹೆಚ್ಚು ಓಡಾಟ. ಆಸ್ಪತ್ರೆಯಿಂದ ಅನುಭವ ಪತ್ರ ಕೇಳುವಾಗ ಬರೀ "ಇಂಥ ತಾರೀಖಿಂದ ಕೆಲಸ ಮಾಡಿದ್ದಾರೆ" ಅಂತ ಒಂದು ಸಾಲಿನದು ಬೇಡ. ಹುದ್ದೆ, ವಾರದ ಗಂಟೆ, ವಾರ್ಡು, ಮಾಡಿದ ಕೆಲಸ ಎಲ್ಲ ಲೆಟರ್‌ಹೆಡ್‌ನಲ್ಲಿ ಇರಲಿ. ಸಂಬಳ ಬ್ಯಾಂಕಿಗೆ ಬಂದ ದಾಖಲೆ, ಪಿಎಫ್ ದಾಖಲೆ ಜೊತೆಗಿಡು.

ನರ್ಸಿಂಗ್ ಕೌನ್ಸಿಲ್‌ನ ಗುಡ್ ಸ್ಟ್ಯಾಂಡಿಂಗ್ ಪತ್ರವನ್ನ, ಅಂದ್ರೆ ನಿನ್ನ ನೋಂದಣಿ ಮೇಲೆ ಯಾವ ದೂರೂ ಇಲ್ಲ ಅನ್ನೋ ಪತ್ರವನ್ನ, ಈಗ ತೆಗೆಸಬೇಡ. ಆಪ್ರಾಗೆ ಅರ್ಜಿ ಹಾಕೋ ಹೊತ್ತಿಗೆ ಅದು ಮೂರು ತಿಂಗಳೊಳಗಿನದಾಗಿರಬೇಕು. ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್ ಎಲ್ಲ ಕರೆ ಬಂದ ಮೇಲೆ. ಕರೆ ಬಂದ್ರೆ ಅರ್ಜಿ ಹಾಕೋಕೆ 60 ದಿನ ಇರುತ್ತೆ. ವೀಸಾ ಶುಲ್ಕ ಮುಖ್ಯ ಅರ್ಜಿದಾರರಿಗೇ 5 ಸಾವಿರ ಆಸ್ಟ್ರೇಲಿಯನ್ ಡಾಲರ್ ಆಸುಪಾಸು, ಅಣ್ಣನಿಗೆ, ಮಗುವಿಗೆ ಬೇರೆ. ಅಷ್ಟನ್ನ ಓಸ್ಕಿ ಖರ್ಚಿನ ಜೊತೆ ಕಲಸಬೇಡಿ, ಪ್ರತ್ಯೇಕ ಇಡಿ.

ಓದೋಕೆ ಎನ್‌ಕ್ಲೆಕ್ಸ್ ಪ್ರಶ್ನೆಗಳ ಬ್ಯಾಂಕ್ ಒಂದನ್ನ ತಗೋ, ದಿನಕ್ಕೆ ಸ್ವಲ್ಪ ಸ್ವಲ್ಪ ಮಾಡು. ನನ್ನ ಹಳೇ ನೋಟ್ಸ್ ಇನ್ನೂ ಇದೆ, ಇಲ್ಲೇ ಖಾಸಗಿ ಸಂದೇಶ ಕಳಿಸು, ಸ್ಕ್ಯಾನ್ ಮಾಡಿ ಕೊಡ್ತೀನಿ. ಅಣ್ಣ ಅಷ್ಟರಲ್ಲಿ ಕಾಲೇಜಿಗೆ ಹೋಗಿ ಆ ಎನ್‌ಬಿಎ ವಿಷಯ ವಿಚಾರಿಸಿ ಬರಲಿ, ಅವರ ಇಂಗ್ಲಿಷ್ ಪರೀಕ್ಷೆಗೂ ತಾರೀಖು ತಗೊಳ್ಳಲಿ. ಆ 10 ಪಾಯಿಂಟ್ ಅವರ ಕೈಲಿದೆ.